ಗಾಡಿಯ ಕಿವಿ

ಗರುಡಾಚಾರ್‌ಪಾಳ್ಯ, ಬೆಂಗಳೂರು
ಗುರುವಾರ, ೫ ಮಾರ್ಚ್ ೨೦೨೬

ಪ್ರೀತಿಯ ಪ್ರವೀಣಾ,

ಪುಣೆಯ ನೀರು ನಿನ್ನ ಗಂಟಲಿಗೆ ಒಗ್ಗಿತೇ? ಸೊಂಟನೋವು ಹೇಗಿದೆ? ಅಲ್ಲಿ ಕೂರಲು ಕೊಟ್ಟ ಕುರ್ಚಿಗೆ ಬೆನ್ನು ಇದೆಯೋ ಇಲ್ಲವೋ ಎಂದು ನಿನ್ನ ಅತ್ತೆ ಮೂರು ಸಲ ಕೇಳಿದಳು, ನಾಲ್ಕನೆಯ ಸಲ ನೀವೇ ಬರೆದು ಕೇಳಿ ಎಂದಳು. ಇಲ್ಲಿ ನಾವು ಇದ್ದೇವೆ. ನನ್ನ ಬಿ.ಪಿ. ಮಾತ್ರೆಯನ್ನು ಡಾಕ್ಟರು ಅರ್ಧದಿಂದ ಒಂದಕ್ಕೆ ಏರಿಸಿದ್ದಾರೆ, ಅದನ್ನು ದೊಡ್ಡದು ಮಾಡಬೇಡ. ಅತ್ತೆ ಹುರಿಗಡಲೆ ಚಟ್ನಿಪುಡಿ ಕಳಿಸಿದ್ದಾಳೆ. ಖಾರ ಕಡಿಮೆ ಹಾಕಿದ್ದಾಳಂತೆ. ನಿನ್ನ ಮೇಲೆ ಸಿಟ್ಟಿದ್ದರೂ ನಿನ್ನ ಹೊಟ್ಟೆಯ ಮೇಲೆ ಅವಳಿಗೆ ಸಿಟ್ಟಿಲ್ಲ.

ಈ ಕಾಲದಲ್ಲಿ ಕಾಗದ ಬರೆಯುತ್ತಾರೆಯೇ ಎಂದು ನೀನು ನಗಬಹುದು. ಎಂಟು ದಿನದಿಂದ ಫೋನ್ ಮಾಡುತ್ತಿದ್ದೇನೆ, ಗಂಟೆ ಹೊಡೆದು ಹೊಡೆದು ನಿಲ್ಲುತ್ತದೆ. ನಿನ್ನ ಹಳೇ ಕ್ಯಾಬ್ ಸ್ಟ್ಯಾಂಡಿನ ಗೆಳೆಯ ಗಯಾಜ್ ಇವತ್ತು ಸಂಜೆ ಬಾಡಿಗೆ ಮೇಲೆ ಪುಣೆಗೆ ಹೊರಟಿದ್ದಾನೆ. ಅವನ ಕೈಯಲ್ಲಿ ಕೊಟ್ಟರೆ ನಿನ್ನ ಕೈಗೇ ಇಡುತ್ತಾನೆ. ಮೆಸೇಜನ್ನು ನೀನು ನೋಡದೆ ಬಿಡಬಹುದು, ಗಯಾಜನನ್ನು ನೋಡದೆ ಬಿಡಲಾರೆ. ಹಾಗಾಗಿ ಕೂತು ಬರೆಯುತ್ತಿದ್ದೇನೆ. ನಿನಗೆ ಗೊತ್ತಲ್ಲ, ನಾನು ಬಾಯಿಯ ಮನುಷ್ಯ. ಬರೆಯಲು ಕೂತರೆ ಊರೆಲ್ಲ ಸುತ್ತಿ ಬರುತ್ತೇನೆ. ತಾಳ್ಮೆಯಿಂದ ಓದು.

ದೀಪಾವಳಿ ಕಳೆದ ಮೇಲೆ ಒಂದು ದಿನ ನೀನು ಮನೆಗೆ ಬಂದು, ಅತ್ತೆ ಕೊಟ್ಟ ಚಕ್ಕುಲಿಯನ್ನು ಕಡಿಯುತ್ತ, ಸುಮ್ಮನೆ ಮಾತು ತೆಗೆದೆ. ನಿಮ್ಮ ಕಂಪನಿ ನಮ್ಮ ಪಾಳ್ಯದ ಪಕ್ಕದ ದೊಡ್ಡ ಬಡಾವಣೆಯ ಒಳಗೆ, ಗೇಟಿನಿಂದ ಕೊನೆಯ ಬ್ಲಾಕಿನವರೆಗೆ, ಡ್ರೈವರ್ ಇಲ್ಲದ ಆರು ಸೀಟಿನ ಗಾಡಿ ಬಿಡುತ್ತದೆ, ಆದರೆ ಜನ ಹತ್ತಲು ಹೆದರುತ್ತಾರೆ ಎಂದೆ. "ಮಾವ, ನೀನು ಸುಮ್ನೆ ಒಳಗೆ ಕೂತ್ಕೋ. ಓಡ್ಸೋದು ಬೇಡ, ಟಿಕೆಟ್ ಹರಿಯೋದು ಬೇಡ. ಈ ಕಡೆ ಅರ್ಧ ಜನ ನಿನ್ನ ಬಸ್ಸಲ್ಲಿ ಓಡಾಡ್ದೋರು. ನಿನ್ನ ಮುಖ ನೋಡಿದ್ರೆ ಹತ್ತುತಾರೆ." ನಾನು ಕೇಳಿದ್ದು ಎರಡೇ ಪ್ರಶ್ನೆ. ಓಡಿಸುವವರು ಯಾರು ಎಂದೆ. "ಯಾರೂ ಇಲ್ಲ ಮಾವ, ಅದೇ ಓಡುತ್ತೆ" ಎಂದೆ ನೀನು. ಅಲ್ಲಿ ನಿನ್ನ ಕೆಲಸವೇನು ಎಂದು ಕೇಳಿದೆ. "ಮ್ಯಾಪ್ ನೋಡ್ಕೊಳ್ಳೋದು" ಎಂದೆ ನೀನು. ಕ್ಯಾಬ್ ಮಾರಿದ ಮೇಲೆ ನಿನಗೊಂದು ನೆರಳಿನ ಕೆಲಸ ಸಿಕ್ಕಿತಲ್ಲ ಎಂಬ ಸಂತೋಷದಲ್ಲಿ ನಾನು ಮೂರನೆಯ ಪ್ರಶ್ನೆ ಕೇಳಲಿಲ್ಲ.

ಮೂವತ್ತೊಂದು ವರ್ಷ ನಾನು ಶಿವಾಜಿನಗರದಿಂದ ಹಲಸೂರಿನ ಮೇಲೆ ಕೆ.ಆರ್. ಪುರಕ್ಕೆ ಟಿಕೆಟ್ ಹರಿದವನು. ಆ ಬಸ್ಸಿನಲ್ಲಿ ಡ್ರೈವರಿಗೆ ಹಿಂದಿನ ಬಾಗಿಲು ಕಾಣುತ್ತಿರಲಿಲ್ಲ. ಅಲ್ಲಿ ಯಾರ ಕಾಲು ಮೆಟ್ಟಿಲ ಮೇಲಿದೆ, ಯಾರ ಕೈ ಕಂಬಿ ಬಿಟ್ಟಿದೆ, ಯಾವ ತಾಯಿ ಇಳಿದು ಮಗು ಮೇಲೆಯೇ ಉಳಿದಿದೆ, ಅವನಿಗೆ ತಿಳಿಯದು. ನಾನು ರೈಟ್ ಎಂದರೆ ಗೇರ್ ಹಾಕುತ್ತಿದ್ದ, ಹೋಲ್ಡಾನ್ ಎಂದರೆ ಬ್ರೇಕ್ ಒತ್ತುತ್ತಿದ್ದ. ಅಷ್ಟು ದೊಡ್ಡ ಗಾಡಿ, ಎಂಬತ್ತು ಜನ, ಎರಡು ಮಾತಿನ ಮೇಲೆ ಓಡಿತು. ರಜೆಯಲ್ಲಿ ನೀನು ನನ್ನ ಸೀಟಿನ ಪಕ್ಕ ನಿಂತು ಅದನ್ನೇ ಕೂಗಿ ಡ್ರೈವರನ್ನು ಗೊಂದಲ ಮಾಡಿ ಅವನಿಂದ ಬೈಸಿಕೊಂಡದ್ದು ನೆನಪಿದೆಯಲ್ಲ. ಹೂವಿನ ಮುನಿಶಾಮಮ್ಮ ಆ ದಿನಗಳಿಂದ ನಮ್ಮವಳು. ಬೆಳಿಗ್ಗೆ ರಸೆಲ್ ಮಾರ್ಕೆಟ್ಟಿನಲ್ಲಿ ಬುಟ್ಟಿ ತುಂಬಿಸಿಕೊಂಡು ಹಿಂದಿನ ಬಾಗಿಲಲ್ಲೇ ಹತ್ತುವಳು, ಅಲ್ಲೇ ಇಳಿಯುವಳು. ಅವಳ ಎರಡು ಕಾಲೂ ಬುಟ್ಟಿಯೂ ನೆಲ ಮುಟ್ಟುವ ತನಕ ನಾನು ಒಂದು ದಿನವೂ ರೈಟ್ ಅನ್ನಲಿಲ್ಲ. "ವೀರಣ್ಣೋರು ರೈಟ್ ಅಂದ್ರೆ ರೈಟೇ" ಎಂದು ಅವಳು ಬೇರೆ ಕಂಡಕ್ಟರುಗಳ ಮುಖದ ಮೇಲೇ ಹೇಳುವಳು. ನಿಮ್ಮ ಕಂಪನಿಗೆ ಬೇಕಾಗಿದ್ದದ್ದು ನಾನಲ್ಲ, ಅವಳ ಈ ಒಂದು ಮಾತು. ಇದು ನನಗೆ ಈಗ ತಿಳಿಯುತ್ತಿದೆ.

ಸಂಕ್ರಾಂತಿಯ ಮಾರನೆಯ ದಿನ ಗಾಡಿ ಶುರುವಾಯಿತು. ಗೇಟಿನ ಹತ್ತಿರ ಇಪ್ಪತ್ತು ಜನ ನಿಂತಿದ್ದರು, ಒಬ್ಬರೂ ಹತ್ತಲೊಲ್ಲರು. ಮುನಿಶಾಮಮ್ಮ ಮುಂದೆ ಬಂದು ಸ್ಟೀರಿಂಗ್ ಇರಬೇಕಾದ ಜಾಗವನ್ನು ಇಣುಕಿ ನೋಡಿ, "ಏನ್ ವೀರಣ್ಣೋರೇ, ಎತ್ತೂ ಇಲ್ಲ, ಓಡ್ಸೋನೂ ಇಲ್ಲ! ಒಳಗೆ ದೆವ್ವ ಗಿವ್ವ ಕಟ್ಟಾಕಿದೀರಾ?" ಎಂದಳು. ಜನ ನಕ್ಕರು. ನಾನು, ದೆವ್ವ ಇದ್ದರೂ ಒಳ್ಳೆಯ ದೆವ್ವ, ಟಿಕೆಟ್ಟಿಲ್ಲದೆ ಕರೆದುಕೊಂಡು ಹೋಗುತ್ತದೆ, ಬಾ ಎಂದೆ. "ನೀವು ಕೂತ್ರೆ ನಾನೂ ಕೂತೆ" ಎಂದು ಬುಟ್ಟಿ ತೊಡೆಯ ಮೇಲಿಟ್ಟು ಕೂತಳು. ಬಡಾವಣೆ ಸಂಘದ ಕಾರ್ಯದರ್ಶಿ ಸಾಲೇಹಾ ಮೇಡಂ ತಮ್ಮ ತಾಯಿಯ ಕೈ ಹಿಡಿದು ಹತ್ತಿಸಿದರು. ಮೂರನೆಯ ಬ್ಲಾಕಿನ ತಿರುವಿನಲ್ಲಿ ಒಂದು ನಾಯಿಮರಿ ಅಡ್ಡ ಓಡಿತು. ನನ್ನ ಬಾಯಿ ನನ್ನನ್ನು ಕೇಳಲಿಲ್ಲ. ಹೋಲ್ಡಾನ್ ಎಂದು ಕೂಗಿಬಿಟ್ಟೆ. ಗಾಡಿ ನಿಂತಿತು! ಹೂವು ಅಲುಗದ ಹಾಗೆ ನಿಂತಿತು. ನಾಯಿಮರಿ ಹೋಯಿತು. ನಾನು ತಮಾಷೆಗೆ ರೈಟ್ ಎಂದೆ. ಹೊರಟಿತು! ಸಾಲೇಹಾ ಮೇಡಂ ಅವರ ತಾಯಿ "ಅಲ್ಲಾ, ಇದಕ್ಕೆ ಬಸ್ಸಿನ ಮಾತು ಬರ್ತದೆ!" ಎಂದು ಎದೆಯ ಮೇಲೆ ಕೈ ಇಟ್ಟುಕೊಂಡರು.

ಅವತ್ತಿನಿಂದ ಜನ ಸಾಲು ನಿಂತರು. ನಾನು ಈ ಕಥೆಯನ್ನು ಗೇಟಿನಲ್ಲಿ ಹೇಳಿದೆ, ಹಾಲಿನ ಬೂತಿನಲ್ಲಿ ಹೇಳಿದೆ, ಪಾಳ್ಯದ ಹೋಟೆಲಿನಲ್ಲಿ ಹೇಳಿದೆ. ಕಥೆ ಹೇಳುವವನಿಗೆ ಒಂದು ಒಳ್ಳೆಯ ಕಥೆ ಸಿಕ್ಕರೆ ಗೊತ್ತಲ್ಲ, ಪ್ರತಿ ಸಲವೂ ನಾಯಿಮರಿ ಒಂದು ಗೇಣು ಹತ್ತಿರಕ್ಕೆ ಬರುತ್ತಿತ್ತು. ನಲವತ್ತು ದಿನ, ಬೆಳಗಿನ ಹೊತ್ತು ನಾನು ಹೋಲ್ಡಾನ್ ಎಂದಾಗಲೆಲ್ಲ ಗಾಡಿ ನಿಂತಿತು. ಮುನಿಶಾಮಮ್ಮನ ಬುಟ್ಟಿ ನೆಲ ಮುಟ್ಟುವ ತನಕ ಕಾಯಿತು. ಎಂಥ ಮರ್ಯಾದಸ್ಥ ಗಾಡಿ ಎಂದು ನಾನೇ ಹೊಗಳಿದೆ. ಮಧ್ಯಾಹ್ನ ಎರಡರ ಮೇಲೆ ಮಾತ್ರ ಕೂಗಿದರೆ ಕೇಳುತ್ತಿರಲಿಲ್ಲ. ಊಟವಾದ ಮೇಲೆ ಅದಕ್ಕೂ ಜೊಂಪು ಎಂದು ಜನರನ್ನು ನಗಿಸುತ್ತಿದ್ದೆ. ನಿನ್ನ ಪಾಳಿ ಎರಡು ಗಂಟೆಗೆ ಮುಗಿಯುತ್ತದೆ ಎಂಬುದು ನನಗೆ ಗೊತ್ತಿತ್ತು, ನಿನ್ನ ಅತ್ತೆ ಎರಡೂವರೆಗೆ ನಿನಗೆ ಅನ್ನ ಬಡಿಸುತ್ತಿದ್ದಳು. ಎರಡನ್ನೂ ಕೂಡಿಸಿ ನೋಡುವ ಬುದ್ಧಿ ನನಗೆ ಬರಲಿಲ್ಲ ನೋಡು.

ಹೋದ ವಾರದ ಮಂಗಳವಾರ ಏನಾಯಿತು ಎಂದು ಕಂಪನಿ ನಿನಗೆ ಒಂದು ಬಗೆಯಲ್ಲಿ ಹೇಳಿರುತ್ತದೆ. ಆದದ್ದು ಹೀಗೆ. ಹನ್ನೊಂದೂ ಕಾಲು. ಏಳನೆಯ ಬ್ಲಾಕಿನ ಸ್ಟಾಪಿನಲ್ಲಿ ಗಾಡಿ ನಿಂತಿತು, ಬಾಗಿಲು ತೆರೆಯಿತು. ಮುನಿಶಾಮಮ್ಮ ಮೊದಲು ಬುಟ್ಟಿ ಕೆಳಗಿಟ್ಟು ಆಮೇಲೆ ತಾನು ಇಳಿದಳು. ಅವಳ ಎರಡೂ ಕಾಲು ನೆಲದ ಮೇಲಿದ್ದವು, ಇದನ್ನು ನಾನು ಯಾರ ಮುಂದೆಯೂ ಹೇಳಬಲ್ಲೆ. ಆದರೆ ಬಾಗಿಲು ಮುಚ್ಚುವಾಗ ಸೆರಗು ಸಿಕ್ಕಿಕೊಂಡಿತು. ತೆಳ್ಳಗಿನ ಬಟ್ಟೆ, ಬಾಗಿಲಿಗೆ ಅದು ಬಟ್ಟೆ ಎಂದು ತಿಳಿಯಲೇ ಇಲ್ಲ. ಗಾಡಿ ಹೊರಟಿತು. ನಾನು ಹೋಲ್ಡಾನ್ ಎಂದೆ. ಮತ್ತೆ ಹೋಲ್ಡಾನ್ ಎಂದೆ. ಗಂಟಲು ಹರಿಯುವ ಹಾಗೆ ಮೂರನೆಯ ಸಲ ಕೂಗಿದೆ. ನನ್ನ ಬಲಗೈಯಿಂದ ನಾಲ್ಕು ಬೆರಳಿನ ದೂರದಲ್ಲಿ ಕೆಂಪು ಗುಂಡಿ ಇತ್ತು. ಮೊದಲ ದಿನವೇ ಅದನ್ನು ತೋರಿಸಿ, ಏನಾದರೂ ಆದರೆ ಒತ್ತಿ ಎಂದು ಹೇಳಿದ್ದರು. ಮೂವತ್ತೊಂದು ವರ್ಷ ಮತ್ತು ನಲವತ್ತು ದಿನ ಮಾತಿನಲ್ಲೇ ನಿಂತ ಗಾಡಿಗಳು, ಪ್ರವೀಣಾ. ಕೈಗಿಂತ ಮೊದಲು ನಾಲಿಗೆ ಓಡಿತು. ಕೊನೆಗೆ ಗುಂಡಿ ಒತ್ತುವ ಹೊತ್ತಿಗೆ ಗಾಡಿ ಅವಳನ್ನು ನಾಲ್ಕು ಮಾರು ಎಳೆದುಕೊಂಡು ಹೋಗಿ ಕೆಡವಿತ್ತು. ಸೊಂಟದ ಕೆಳಗೆ ತೊಡೆಮೂಳೆ ಮುರಿದಿದೆ, ಕಬ್ಬಿಣದ ಸರಳು ಹಾಕಿದ್ದಾರೆ. ಸೇವಂತಿಗೆ ರಸ್ತೆಯ ತುಂಬ ಚೆಲ್ಲಿತ್ತು.

ಬುಧವಾರ ಬೆಳಿಗ್ಗೆ ಟ್ರೈನಿಂಗ್ ಎಂದು ಹೇಳಿ ನೀನು ಪುಣೆಯ ಬಸ್ಸು ಹತ್ತಿದೆ. ಆಸ್ಪತ್ರೆಗೆ ಒಂದು ಸಲ ಬಂದು ಹೋಗು ಎಂದರೆ ಟೈಮಿಲ್ಲ ಎಂದೆ, ನನ್ನ ಮುಖ ನೋಡದೆ ಚೀಲದ ಜಿಪ್ ಎಳೆಯುತ್ತಿದ್ದೆ. ಪಾಪ, ಹುಡುಗನಿಗೆ ನೋವಾಗಿದೆ ಎಂದುಕೊಂಡೆ. ಅದೇ ಸಂಜೆ ನಿಮ್ಮ ಮ್ಯಾನೇಜರ್ ಗುರುಕಿರಣ ಮನೆಗೆ ಬಂದ. ಬಹಳ ಮರ್ಯಾದೆಯಿಂದ ಚಪ್ಪಲಿ ಹೊರಗೆ ಬಿಟ್ಟು ಬಂದು, ಟೈಪು ಮಾಡಿದ ಒಂದು ಕಾಗದ ಮುಂದಿಟ್ಟ. "ವೀರಣ್ಣೋರೇ, ನಿಮ್ ಮೇಲೆ ಏನೂ ಬರದ ಹಾಗೆ ನಾನ್ ನೋಡ್ಕೋತೀನಿ. ಆ ಯಮ್ಮ ಓಡ್ತಿರೋ ಗಾಡಿಯಿಂದ ಇಳಿದ್ರು, ಅಷ್ಟೇ. ಒಂದು ಸೈನ್ ಹಾಕ್ಬಿಡಿ." ನಾನು ಹಾಕದಿದ್ದರೆ ಎಂದೆ. "ಹಾಕ್ದೇ ಇದ್ರೆ ಬಟನ್ ಯಾಕೆ ಒತ್ತಲಿಲ್ಲ ಅಂತ ಕೇಳ್ತಾರಲ್ವಾ ಸರ್?" ಎಂದು ನಕ್ಕ. ಅವನ ನಗುವಿಗೆ ಅತ್ತೆ ಕಾಫಿ ತರುವುದನ್ನೇ ನಿಲ್ಲಿಸಿದಳು. ಕಾಗದ ಇನ್ನೂ ಇಲ್ಲೇ ಇದೆ, ಸಹಿ ಇಲ್ಲದೆ.

ಶನಿವಾರ ಅಂಜಲಿ ಎಂಬ ಹುಡುಗಿ ಬಂದಳು, ಗಾಡಿಯ ಕಂಪ್ಯೂಟರ್ ಬರೆಯುವವಳಂತೆ, ಗದಗಿನ ಕಡೆಯವಳು. ನಾನು ಏನು ಮಾಡಿದೆ ಎಂದು ಬರೆದುಕೊಳ್ಳಲು ಕೂತಳು. ಹೋಲ್ಡಾನ್ ಎಂದು ಮೂರು ಸಲ ಕೂಗಿದೆ ಎಂದೆ. ಅವಳು ಪೆನ್ನು ಎತ್ತಿ, "ಹೋಲ್ಡಾನ್ ಅಂದ್ರೇನ್ರೀ ಅಂಕಲ್? ಯಾರನ್ನ ಕರದ್ರಿ?" ಎಂದಳು. ಗಾಡಿಯನ್ನು ಕರೆದೆ ಎಂದೆ. "ಗಾಡಿಗೆ ಮಾತು ಕೇಳಂಗಿಲ್ರೀ. ನಾವದಕ್ಕ ಕಿವಿನೇ ಇಟ್ಟಿಲ್ಲ. ಒಳಗಿನ ಮೈಕು ರೂಮಿನವರಿಗೆ..." ಎಂದವಳು ಅಲ್ಲಿಗೆ ನಿಲ್ಲಿಸಿದಳು. ಯಾವ ರೂಮು ಎಂದೆ. ಅವಳು ಪೆನ್ನಿನ ಮುಚ್ಚಳ ಹಾಕಿದಳು. ಒಳ್ಳೆಯ ಮನೆಯ ಮಗು ಅದು, ಸುಳ್ಳು ಹೇಳುವ ಅಭ್ಯಾಸವಿಲ್ಲ. ಎದ್ದು ಹೋಗುವಾಗ ನನ್ನ ಕಾಲು ಮುಟ್ಟಲು ಬಂದಳು. ಕಾಲು ಬೇಡ ತಾಯಿ, ಆ ರೂಮಿನ ಬಾಗಿಲು ತೋರಿಸು ಎಂದೆ.

ಸೋಮವಾರ ತೋರಿಸಿದಳು. ನಿಮ್ಮ ಆಫೀಸಿನ ಎರಡನೆಯ ಮಹಡಿ, ಹೆಸರಿಲ್ಲದ ಬಾಗಿಲು. ಒಳಗೆ ಮೂರು ಮೇಜು, ಮೂರು ಸ್ಟೀರಿಂಗ್, ಕಾಲ ಕೆಳಗೆ ಬ್ರೇಕು, ಎದುರಿಗೆ ದೊಡ್ಡ ಪರದೆ. ಪರದೆಯ ಮೇಲೆ, ಅವತ್ತಿನಿಂದ ಅಲ್ಲೇ ನಿಂತಿರುವ ನಮ್ಮ ಗಾಡಿಯ ಒಳಗಿನ ಸೀಟು, ಹಿಂದಿನ ಬಾಗಿಲು, ಏಳನೆಯ ಬ್ಲಾಕಿನ ಬೇವಿನ ಮರ. ಅಲ್ಲಿದ್ದ ನಿನ್ನ ಜೊತೆಗಾರ ಸುನಿಲ್ ನನ್ನನ್ನು ಕಂಡು ಎದ್ದು ನಿಂತ. ನಡುವಿನ ಕುರ್ಚಿಯ ಬೆನ್ನಿಗೆ ಒಂದು ದಿಂಬು ಕಟ್ಟಿತ್ತು, ಹಸಿರು ಚೌಕಳಿ, ಒಂದು ಮೂಲೆಗೆ ಬೇರೆ ಬಣ್ಣದ ದಾರ. ನಿನ್ನ ಸೊಂಟನೋವಿಗೆ ಎಂದು ಅತ್ತೆ ಹೊಲಿದುಕೊಟ್ಟ ದಿಂಬು. ಯಾರನ್ನೂ ಏನನ್ನೂ ಕೇಳುವ ಅಗತ್ಯ ಬೀಳಲಿಲ್ಲ. ಆದರೂ ಸುನಿಲ್ ಹೇಳಿದ. ಎಲ್ಲ ತಿರುವೂ ಗಾಡಿ ತಾನೇ ನೋಡಿಕೊಳ್ಳುವುದಿಲ್ಲವಂತೆ, ಅದಕ್ಕೆ ತಿಳಿಯದ ಕಡೆ ನೀವು ಓಡಿಸುವುದಂತೆ. ಇದನ್ನು ಹೊರಗೆ ಹೇಳಿದರೆ ಕೆಲಸ ಹೋಗುತ್ತದಂತೆ. ನನ್ನ ದನಿ ಕೇಳಿದಾಗ ನೀನು ನಗುತ್ತ ಬ್ರೇಕ್ ಒತ್ತುತ್ತಿದ್ದೆಯಂತೆ. "ನಮ್ ಮಾವ ಕೂಗಿದ ಮೇಲೆ ನಿಲ್ಲಿಸ್ಲೇಬೇಕು ಗುರು, ಇಲ್ಲಾಂದ್ರೆ ರಾತ್ರಿ ಊಟ ಇಲ್ಲ" ಎನ್ನುತ್ತಿದ್ದೆಯಂತೆ.

ಆ ಮಾತು ಕೇಳಿ ನನಗೆ ಒಂದು ಗಳಿಗೆ ಎದೆ ತುಂಬಿತು, ಸುಳ್ಳೇಕೆ ಹೇಳಲಿ. ನಾನು ಕೂಗುತ್ತಿದ್ದದ್ದು ನನ್ನ ಹುಡುಗನ ಕಿವಿಗೇ ಬೀಳುತ್ತಿತ್ತಲ್ಲ ಎನ್ನಿಸಿತು. ಆಮೇಲೆ ಸುನಿಲ್ ಮಂಗಳವಾರದ ವಿಷಯ ಹೇಳಿದ. ಅವತ್ತು ಹೊರಗಿನ ದೊಡ್ಡವರು ನೋಡಲು ಬರುವವರಿದ್ದರು, ಯಾರೂ ಸ್ಟೀರಿಂಗ್ ಮುಟ್ಟಬಾರದು ಎಂದು ನಿಮ್ಮನ್ನೆಲ್ಲ ಕ್ಯಾಂಟೀನಿನಲ್ಲಿ ಕೂರಿಸಿ ರೂಮಿಗೆ ಬೀಗ ಹಾಕಿದ್ದರು. ನಿಮಗೆ ಅದನ್ನು ಹೇಳಿದ್ದು ಬೆಳಿಗ್ಗೆ ಒಂಬತ್ತಕ್ಕೆ. ಒಂಬತ್ತರಿಂದ ಹನ್ನೊಂದೂ ಕಾಲರ ತನಕ ನಿನ್ನ ಜೇಬಿನಲ್ಲಿ ಫೋನ್ ಇತ್ತು. "ಮಾವ, ಇವತ್ತು ಗಾಡಿಗೆ ಕಿವಿ ಇಲ್ಲ, ಗುಂಡಿ ಮೇಲೆ ಕೈ ಇಟ್ಕೋ." ಇಷ್ಟೇ. ಇದನ್ನು ಹೇಳಲು ಎಷ್ಟು ಹೊತ್ತು ಬೇಕು? ನಿನ್ನ ಬಾಯಿಯಲ್ಲಿ ಎಷ್ಟು ಸಲ ಈ ಮಾತು ಬಂದು ಹೋಗಿರಬಹುದು ಎಂದು ಎಣಿಸುತ್ತೇನೆ. ಎಣಿಸಿದಷ್ಟೂ ನಿನ್ನ ಮೇಲಿನ ಮರುಕ ಹೆಚ್ಚುತ್ತದೆ, ನಂಬಿಕೆ ಇಳಿಯುತ್ತದೆ. ಎರಡೂ ಒಟ್ಟಿಗೇ ಆಗಬಹುದು ಎಂದು ಈ ವಯಸ್ಸಿನಲ್ಲಿ ಕಲಿತೆ.

ನಮ್ಮೂರಿಗೆ ಸುಗ್ಗಿ ಮುಗಿದ ಮೇಲೆ ಕೋಲೆ ಬಸವ ಬರುತ್ತಿತ್ತು, ನೀನೂ ನೋಡಿದ್ದೀಯ. ಬಸವಣ್ಣ, ಈ ಮನೆಗೆ ಒಳ್ಳೆಯದಾಗ್ತದಾ ಎಂದು ಕೇಳಿದರೆ ಹೌದೆಂದು ತಲೆ ಆಡಿಸುತ್ತಿತ್ತು. ಆಡಿಸುವವನ ಕೈಯಲ್ಲಿ ಹಗ್ಗ ಇರುತ್ತಿತ್ತು, ಅವನು ಬೆರಳು ಅಲುಗಿಸುವುದು ಹಸುಗೂಸಿಗೂ ಕಾಣುತ್ತಿತ್ತು. ಆದರೂ ನಮ್ಮ ತಾಯಿ ಮೊರದ ತುಂಬ ರಾಗಿ ಹಾಕುವಳು. ಯಾಕೆಂದರೆ ಹಗ್ಗ ಕಣ್ಣೆದುರಿಗೆ ಇತ್ತು. ಅದು ಆಟ, ಮೋಸವಲ್ಲ. ನಿಮ್ಮ ಗಾಡಿಗೂ ಹಗ್ಗ ಕಾಣುವ ಹಾಗೆ ಇಟ್ಟಿದ್ದರೆ, ಮೇಲೆ ರೂಮಿನಲ್ಲಿ ನಮ್ಮ ಪ್ರವೀಣ ಕೂತಿದ್ದಾನೆ, ಕಷ್ಟದ ಜಾಗದಲ್ಲಿ ಅವನೇ ಹಿಡಿಯುತ್ತಾನೆ ಎಂದು ಹೇಳಿದ್ದರೆ, ನಾನು ಇನ್ನೂ ಹೆಮ್ಮೆಯಿಂದ ಜನರನ್ನು ಹತ್ತಿಸುತ್ತಿದ್ದೆ. ಅವತ್ತು ನೀನಿಲ್ಲ ಎಂದರೆ ಗಾಡಿಯನ್ನೇ ನಿಲ್ಲಿಸುತ್ತಿದ್ದೆ. ನಾಳೆ ನಿಜವಾಗಿಯೂ ತಾನೇ ಓಡುವ, ಮನುಷ್ಯನಿಗಿಂತ ಚೆನ್ನಾಗಿ ಓಡುವ ಗಾಡಿ ಬರಬಹುದು. ಬರಲಿ. ಆದರೆ ಅದನ್ನು ಈ ಪಾಳ್ಯದವರು ಹತ್ತುವುದಿಲ್ಲ, ನಾನು ಹೇಳಿದರಂತೂ ಹತ್ತುವುದೇ ಇಲ್ಲ. ನಿನ್ನೆ ಹಾಲಿನ ಬೂತಿನಲ್ಲಿ ಒಬ್ಬ, "ಏನ್ ಕಂಡಕ್ಟರೇ, ಇವತ್ತು ನಾಯಿಮರಿ ಕಥೆ ಇಲ್ವಾ?" ಎಂದ. ಹಾಲು ತೆಗೆದುಕೊಳ್ಳದೆ ಬಂದೆ.

ಮುನಿಶಾಮಮ್ಮನನ್ನು ದಿನವೂ ನೋಡಿ ಬರುತ್ತೇನೆ. ಬೈದಿದ್ದರೆ ಚೆನ್ನಾಗಿತ್ತು, ಬೈಯುವುದಿಲ್ಲ. "ನೀವು ಕೂಗಿದ್ದು ನಂಗೆ ಕೇಳಿಸ್ತು ವೀರಣ್ಣೋರೇ. ಅದಕ್ಕೆ ಯಾಕೆ ಕೇಳಿಸ್ಲಿಲ್ಲ?" ಎಂದು ಕೇಳುತ್ತಾಳೆ. ಅಷ್ಟೇ ಕೇಳುತ್ತಾಳೆ. ಇದಕ್ಕೆ ಉತ್ತರ ಗೊತ್ತಿರುವವರಲ್ಲಿ ನೀನೊಬ್ಬ. ಬರುವ ಭಾನುವಾರ ಹನ್ನೊಂದು ಗಂಟೆಗೆ ಬಡಾವಣೆಯ ಸಮುದಾಯ ಭವನದಲ್ಲಿ ಸಭೆ ಇದೆ, ಕಂಪನಿಯವರೂ ಬರುತ್ತಾರೆ. ತಪ್ಪು ಅವಳದೇ ಎಂದಾದರೆ ಚಿಕಿತ್ಸೆಯ ಖರ್ಚು ಅವಳದೇ, ಗಾಡಿ ಸೋಮವಾರದಿಂದ ಮತ್ತೆ ಓಡುತ್ತದೆ. ಗಾಡಿ ನನ್ನ ಮಾತು ಕೇಳುತ್ತಿತ್ತು ಎಂದು ನಾನೊಬ್ಬನೇ ಎದ್ದು ಹೇಳಿದರೆ ಮುದುಕನಿಗೆ ಅರಳುಮರಳು ಎನ್ನುತ್ತಾರೆ. ಸುನಿಲ್ ಬಾಯಿ ಬಿಡಲಾರ, ಅವನ ಹೆಂಡತಿಗೆ ಏಳು ತಿಂಗಳು. ಅಂಜಲಿ ಆ ರೂಮಿನಲ್ಲಿ ಕೂತವಳಲ್ಲ. ಮಾವನ ಕೂಗು ಕೇಳುತ್ತಿದ್ದವನು ನಾನು, ಅವತ್ತು ನನಗೆ ಕೇಳಲು ಬಿಡಲಿಲ್ಲ ಎಂದು ಹೇಳಬಲ್ಲವನು ನೀನು. ಕೆಲಸ ಹೋಗುತ್ತದೆ, ಗೊತ್ತು. ಹೋದರೆ ಮನೆಗೆ ಬಾ. ಮೂರು ಜನಕ್ಕೆ ಅನ್ನ ಹೇಗೋ ಆಗುತ್ತದೆ, ಯುಗಾದಿಯ ಒಬ್ಬಟ್ಟೂ ಆಗುತ್ತದೆ.

ದೇವರು ನಿನ್ನ ಬೆನ್ನು ಗಟ್ಟಿ ಇಟ್ಟಿರಲಿ. ಅತ್ತೆಯ ಹರಕೆಯೂ ನನ್ನದೂ ಎಂದಿನ ಹಾಗೆ ನಿನ್ನ ತಲೆಯ ಮೇಲಿವೆ, ಅವನ್ನು ಹಿಂದಕ್ಕೆ ತೆಗೆದುಕೊಳ್ಳುವುದು ನಮಗೆ ಬರುವುದಿಲ್ಲ.

ನಿನ್ನ ಮಾವ,
ವೀರಣ್ಣ

ತಾ.ಕ.: ಗಯಾಜ್ ಕೆಳಗಿನಿಂದ ಹಾರ್ನ್ ಹೊಡೆಯುತ್ತಿದ್ದಾನೆ, ಬೇಗ ಬರೆಯುತ್ತೇನೆ. ಮೇಲಿನದೆಲ್ಲ ನಿನ್ನನ್ನು ಕೇಳಿಕೊಂಡ ಹಾಗೆ ಬರೆದಿದ್ದೇನೆ. ನಿಜವಾಗಿ ಕೇಳಿಕೊಳ್ಳುವ ಹೊತ್ತು ಮುಗಿದಿದೆ, ಹೇಳಲು ಧೈರ್ಯ ಸಾಲದೆ ಇಷ್ಟು ಪುಟ ಸುತ್ತಿದೆ. ಇವತ್ತು ಬೆಳಿಗ್ಗೆಯೇ ನನ್ನ ಹೇಳಿಕೆಯನ್ನು ಕೈಯಾರೆ ಬರೆದು ಸಾಲೇಹಾ ಮೇಡಂ ಅವರಿಗೆ ಕೊಟ್ಟು ಬಂದೆ. ಮೊದಲು ಬರೆದದ್ದು ಕೆಂಪು ಗುಂಡಿ ಒತ್ತಲು ತಡಮಾಡಿದ ನನ್ನ ತಪ್ಪು. ಅದರ ಕೆಳಗೆ ಎರಡನೆಯ ಮಹಡಿಯ ರೂಮು, ನಿನ್ನ ಪೂರ್ತಿ ಹೆಸರು, ನೀನು ನನಗೆ ಏನಾಗಬೇಕು ಎಂಬುದು. ಅಂಜಲಿ, ಸುನಿಲ್ ಇಬ್ಬರ ಹೆಸರನ್ನೂ ಬರೆದಿಲ್ಲ. ಭಾನುವಾರ ಬಂದರೆ ನೀನೇ ಎದ್ದು ಹೇಳು. ಬರದಿದ್ದರೆ ಆ ಕಾಗದವನ್ನು ಎಲ್ಲರ ಮುಂದೆ ಓದುವವನು ನಾನೇ. ನಿನ್ನ ಹೆಸರನ್ನು ಬೇರೆಯವರ ಬಾಯಿಗೆ ಕೊಡುವುದಿಲ್ಲ.